ವಿಜಯಪುರದ ಬಿಸಿಲಲ್ಲಿ ನೈಸರ್ಗಿಕ ವೈನ್: ಅರ್ಧ ಎಕರೆ ದ್ರಾಕ್ಷಿ ಪಡ ಇರುವವರಿಗೆ ಸಮಗ್ರ ಮಾರ್ಗದರ್ಶಿ

ನೈಸರ್ಗಿಕ ವೈನಿನ ಪಾಠಗಳು ನಮಗೆ ಬಂದಿರುವುದು ಫ್ರಾನ್ಸ್, ಇಟಲಿ, ಜಾರ್ಜಿಯಾಗಳಿಂದ. ಅಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕೊಯ್ಲು. ರಸ ಹುದುಗಿ ಮುಗಿಯುವ ಹೊತ್ತಿಗೆ ಚಳಿಗಾಲ ಕಾಲಿಡುತ್ತದೆ, ನೆಲಮಾಳಿಗೆ ತಾನೇ ತಣ್ಣಗಾಗುತ್ತದೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ವೈನ್ ದ್ರಾಕ್ಷಿ ಕೊಯ್ಲಿಗೆ ಬರುವುದು ಫೆಬ್ರುವರಿ–ಮಾರ್ಚಿನಲ್ಲಿ. ಹುದುಗು ಮುಗಿಯುತ್ತಿದ್ದಂತೆ ಎದುರಿಗೆ ನಿಲ್ಲುವುದು ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು. ಈ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಗಿನ ವಿಧಾನವನ್ನು ಹಾಗೇ ಅನುಸರಿಸಿದರೆ ಜೂನ್ ಹೊತ್ತಿಗೆ ಕೈಯಲ್ಲಿ ಉಳಿಯುವುದು ವಿನೆಗರ್. ಆದ್ದರಿಂದ ಇಲ್ಲಿ ಪ್ರತಿ ಹಂತವನ್ನೂ ಶಾಖದ ಲೆಕ್ಕದಲ್ಲೇ ಹೇಳಿದ್ದೇವೆ.

ಉದಾಹರಣೆಗೆ ಹಿಡಿದಿರುವುದು 500 ಕೆಜಿ ಶಿರಾಜ್ ದ್ರಾಕ್ಷಿ. ಅರ್ಧ ಎಕರೆಯಲ್ಲಿ ಇಳುವರಿಯನ್ನು ಹತೋಟಿಯಲ್ಲಿಟ್ಟರೂ ಸುಮಾರು ಒಂದೂವರೆ ಟನ್ ಹಣ್ಣು ಬರುತ್ತದೆ. ಮೊದಲ ವರ್ಷ ಅದರ ಮೂರನೇ ಒಂದು ಭಾಗವನ್ನಷ್ಟೇ ವೈನಿಗೆ ಇಟ್ಟುಕೊಂಡು ಉಳಿದದ್ದನ್ನು ವೈನರಿಗೆ ಮಾರಿ. 500 ಕೆಜಿಯಿಂದ ಕೊನೆಗೆ ಸಿಗುವುದು 310ರಿಂದ 320 ಲೀಟರ್, ಅಂದರೆ 750 ಮಿಲಿಯ ನಾನೂರು ಚಿಲ್ಲರೆ ಬಾಟಲಿ.

ಏನನ್ನು ನೈಸರ್ಗಿಕ ಎನ್ನಬೇಕು

ನಮ್ಮ ದೇಶದ ಕಾನೂನಿನಲ್ಲಿ ಈ ಪದಕ್ಕೆ ಪ್ರತ್ಯೇಕ ವ್ಯಾಖ್ಯೆಯಿಲ್ಲ. ಫ್ರಾನ್ಸಿನಲ್ಲಿ 2020ರಲ್ಲಿ ಒಪ್ಪಿತವಾದ 'ವ್ಯಾಂ ಮೆಥೋಡ್ ನಾತ್ಯೂರ್' ಎಂಬ ನಿಯಮಾವಳಿ ಒಳ್ಳೆಯ ಅಳತೆಗೋಲು: ಸಾವಯವ ಪ್ರಮಾಣಪತ್ರವಿರುವ ಹಣ್ಣು, ಕೈಯಿಂದ ಕೊಯ್ಲು, ತೋಟದ್ದೇ ಯೀಸ್ಟ್, ಹೊರಗಿನಿಂದ ಏನನ್ನೂ ಸೇರಿಸುವಂತಿಲ್ಲ. ಬಾಟಲಿಗೆ ತುಂಬುವ ಮುನ್ನ ಸಲ್ಫೈಟ್ (ವೈನ್ ಕೆಡದಂತೆ ಕಾಯುವ ಗಂಧಕದ ಲವಣ) ಹಾಕುವುದಾದರೆ ಒಟ್ಟು ಪ್ರಮಾಣ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಕ್ಕರೆ, ಬೇಕರಿ ಯೀಸ್ಟ್, ಗೋಧಿ ಹಾಕಿ ಮಾಡುವ ಮಂಗಳೂರು–ಕೊಡಗಿನ ಮನೆ ವೈನ್ ಬೇರೆಯದೇ ಸಂಪ್ರದಾಯ, ಅದರ ಅಳತೆಗಳು ಇಲ್ಲಿ ಹೊಂದುವುದಿಲ್ಲ.

ತಳಿಯ ಬಗ್ಗೆ ಎರಡು ಮಾತು. ಪಡದಲ್ಲಿ ಥಾಮ್ಸನ್ ಸೀಡ್‌ಲೆಸ್ ಇದೆ, ಅದರಲ್ಲೇ ಮಾಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಅದು ತಿನ್ನಲು, ಮಣೂಕಕ್ಕೆ ಚೆನ್ನ. ಹಣ್ಣು ಉದ್ದವಾಗಲು ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಹಾರ್ಮೋನು ಕೊಟ್ಟಿರುತ್ತಾರೆ, ಪರಿಮಳವೂ ತೆಳು. ಬೆಂಗಳೂರು ಬ್ಲೂ ಅಮೆರಿಕ ಮೂಲದ ಲ್ಯಾಬ್ರುಸ್ಕಾ ಜಾತಿಯದು. ಸಕ್ಕರೆ ಅಂಶ ಕಡಿಮೆ, ಅದರ ಘಾಟು ಪರಿಮಳ ಒಣ ವೈನಿನಲ್ಲಿ ಎಲ್ಲರಿಗೂ ಹಿಡಿಸುವುದಿಲ್ಲ. ಶಿರಾಜ್, ಕ್ಯಾಬರ್ನೆ ಸೋವಿನ್ಯೋ, ಶೆನಿನ್ ಬ್ಲಾಂಕ್ ಈ ಸೀಮೆಗೆ ಒಗ್ಗಿವೆ. ಹೊಸಬರು ಕೆಂಪಿನಿಂದಲೇ ಶುರುಮಾಡಬೇಕು. ಸಿಪ್ಪೆ, ಬೀಜದ ಒಗರು ವೈನನ್ನು ಗಾಳಿಯಿಂದ ಒಂದಿಷ್ಟು ಕಾಯುತ್ತದೆ; ಬಿಳಿ ವೈನಿಗೆ ಆ ರಕ್ಷಣೆಯಿಲ್ಲ.

ಮೊದಲು ಪರವಾನಗಿ

ರಾಜ್ಯದಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ 2007ರಿಂದ ಇದೆ. ಆದರೂ ವೈನ್ ತಯಾರಿಸಿ ಮಾರಲು ಅಬಕಾರಿ ಇಲಾಖೆಯ ಪರವಾನಗಿ ಬೇಕೇ ಬೇಕು. ಇಲ್ಲದೆ ಮಾರಿದರೆ ಅಪರಾಧ. ಮನೆಬಳಕೆಗೆ ಎಂದುಕೊಂಡಿದ್ದರೂ 500 ಕೆಜಿ ಹಣ್ಣು ಹಿಂಡುವ ಮುನ್ನ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಬರಹದಲ್ಲಿ ವಿಚಾರಿಸಿ. ಮಾರುವ ಬಾಟಲಿಯ ಲೇಬಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳೂ ಅನ್ವಯಿಸುತ್ತವೆ.

ಅಕ್ಟೋಬರ್ ಚಾಟ್ನಿಯಿಂದ ಕೊಯ್ಲಿನವರೆಗೆ

ವೈನರಿಯಲ್ಲಿ ಏನನ್ನೂ ಹಾಕುವುದಿಲ್ಲ ಎಂದು ನಿರ್ಧರಿಸಿದ ಮೇಲೆ ತಪ್ಪು ತಿದ್ದಲು ಸಿಗುವ ಜಾಗ ಪಡ ಮಾತ್ರ.

ಚಾಟ್ನಿ (ಬಳ್ಳಿ ಸವರುವುದು) ಮುಗಿದು ಚಿಗುರು ಬರುವಾಗ ಹಿಂಗಾರು ಮಳೆಯೂ ಇರುತ್ತದೆ, ಡೌನಿ ಎಂಬ ಶಿಲೀಂಧ್ರ ರೋಗ ನುಗ್ಗುವುದು ಆಗಲೇ. ಶೇ 1ರ ಬೋರ್ಡೋ ದ್ರಾವಣ (1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು) ಹಳೆಯದಾದರೂ ನಂಬಿಕಸ್ಥ. ಎಳೆ ಚಿಗುರಿಗೆ ಇದರ ಅರ್ಧದಷ್ಟು ಸಾಂದ್ರತೆ ಸಾಕು. ಕಾಯಿ ಬಣ್ಣ ತಿರುಗಿದ ಮೇಲೆ ತಾಮ್ರ ಬೇಡ. ಸಿಪ್ಪೆಯ ಮೇಲೆ ಉಳಿದ ತಾಮ್ರ ಯೀಸ್ಟಿನ ಬೆಳವಣಿಗೆಯನ್ನು ಹಿಂದೆಳೆಯುತ್ತದೆ. ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಹೊಡೆಯಬಹುದು, ಆದರೆ ಕೊಯ್ಲಿಗೆ ಐದು ವಾರ ಇರುವಾಗಲೇ ನಿಲ್ಲಿಸಿ. ಉಳಿದ ಗಂಧಕವನ್ನು ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ, ಇಡೀ ಡ್ರಮ್ಮು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅಂತರ್ವ್ಯಾಪಿ ಶಿಲೀಂಧ್ರನಾಶಕ ಬಳಸಿದ ಹಣ್ಣಿನಲ್ಲಿ ಕಾಡು ಯೀಸ್ಟನ್ನು ನಂಬಿ ಕೂರುವ ಹಾಗಿಲ್ಲ.

ಸಾವಯವದಲ್ಲಿ ಕಣ್ಣು ಒಡೆಸುವ ಹೈಡ್ರೋಜನ್ ಸಯನಮೈಡ್ ರಾಸಾಯನಿಕ ಹಚ್ಚುವಂತಿಲ್ಲವಾದ್ದರಿಂದ ಕಣ್ಣು ಒಂದೇ ಸಮನೆ ಒಡೆಯುವುದಿಲ್ಲ. ಒಂದೇ ಸಾಲಿನಲ್ಲಿ ಮಾಗಿದ ಗೊಂಚಲೂ ಹಿಂದೆ ಬಿದ್ದ ಗೊಂಚಲೂ ಇರುತ್ತವೆ. ಇದನ್ನು ನಷ್ಟವೆಂದು ಬಗೆಯಬೇಡಿ, ಮುಂದೆ ಹುಳಿ ಸರಿಮಾಡಲು ಇದೇ ನೆರವಾಗುತ್ತದೆ.

ಗೊಂಚಲಿನ ಸುತ್ತ ಪೂರ್ವ ದಿಕ್ಕಿನ ಎಲೆಗಳನ್ನು ಮಾತ್ರ ತೆಗೆಯಿರಿ, ಗಾಳಿಯಾಡಲಿ. ಪಶ್ಚಿಮದ ಎಲೆ ಇರಲೇಬೇಕು. ಫೆಬ್ರುವರಿಯ ಮಧ್ಯಾಹ್ನದ ಬಿಸಿಲು ನೇರ ಬಿದ್ದ ಹಣ್ಣು ಬಳ್ಳಿಯಲ್ಲೇ ಮಣೂಕವಾಗುತ್ತದೆ, ಅದರ ಹುಳಿಯೂ ಸುಟ್ಟುಹೋಗುತ್ತದೆ. ಕೊಯ್ಲಿಗೆ ಎರಡು ವಾರ ಇರುವಾಗ ಹನಿ ನೀರನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ಕಟ್ಟಬೇಡಿ.

ಯಾವ ದಿನ ಕೊಯ್ಯಬೇಕು

ಸಕ್ಕರೆಯೊಂದನ್ನೇ ನೋಡಿ ಕೊಯ್ಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಸಲ್ಫೈಟ್ ಇಲ್ಲದ ವೈನನ್ನು ಬ್ಯಾಕ್ಟೀರಿಯಾದಿಂದ ಕಾಯುವುದು ಹುಳಿ. ಅದನ್ನು ಅಳೆಯುವುದು ಪಿಎಚ್; ಅಂಕಿ ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು. ಶಿರಾಜ್ ರಸದ ಪಿಎಚ್ 3.5ರ ಆಸುಪಾಸಿನಲ್ಲಿರಬೇಕು. 3.6 ದಾಟಿದರೆ ಅಪಾಯ ಹೆಚ್ಚುತ್ತದೆ, 3.8 ತಲುಪಿದರೆ ಆ ಹಣ್ಣನ್ನು ಸಲ್ಫೈಟ್ ಇಲ್ಲದ ವೈನಿಗೆ ತೆಗೆದುಕೊಳ್ಳಬೇಡಿ. ನಮ್ಮ ಶಾಖಕ್ಕೆ ಹಣ್ಣಿನ ಹುಳಿಗಳಲ್ಲೊಂದಾದ ಮಾಲಿಕ್ ಆಮ್ಲ ಬೇಗ ಕರಗುತ್ತದೆ, ಪೊಟ್ಯಾಶ್ ಹೆಚ್ಚಿದ್ದಷ್ಟೂ ಪಿಎಚ್ ಏರುತ್ತದೆ. ಸಿಹಿಗೆಂದು ಕೊನೆಯ ವಾರಗಳಲ್ಲಿ ಪೊಟ್ಯಾಶ್ ಕೊಡುವ ರೂಢಿಯನ್ನು ವೈನ್ ಹಣ್ಣಿಗೆ ಬಿಟ್ಟುಬಿಡಿ.

ಬಣ್ಣ ತಿರುಗಿ ಮೂರು ವಾರವಾದ ಮೇಲೆ ಮೂರು ದಿನಕ್ಕೊಮ್ಮೆ, ಕೊನೆಯ ವಾರ ದಿನವೂ ಮಾದರಿ ತೆಗೆಯಿರಿ. ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಮೇಲೆ, ನಡುವೆ, ಕೆಳಗಿನಿಂದ, ನೆರಳಿನಿಂದ, ಬಿಸಿಲಿನಿಂದ ಬಿಡಿಸಿದ ಒಟ್ಟು 100–150 ಹಣ್ಣು. ಅಂಚಿನ ಬಳ್ಳಿಗಳು ಬೇಡ. ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆದು, ಕೈಯಿಂದ ಹಿಸುಕಿ, ಸೋಸಿ ಅಳೆಯಿರಿ.

ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 22ರಿಂದ 23 ಬ್ರಿಕ್ಸ್ (ರಸದ ಸಕ್ಕರೆಯ ಶೇಕಡಾವಾರು ಅಂದಾಜು) ಬಂದಿರಬೇಕು. ಬ್ರಿಕ್ಸನ್ನು 0.56ರಿಂದ ಗುಣಿಸಿದರೆ ಆಲ್ಕೋಹಾಲಿನ ಅಂದಾಜು ಸಿಗುತ್ತದೆ. 23 ಇದ್ದರೆ ಶೇ 12.9. ಪಿಎಚ್ ಮೀಟರನ್ನು ಪ್ರತಿ ಸಲವೂ 4.01 ಮತ್ತು 7.00 ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ, ಹೊಂದಿಸದ ಮೀಟರ್ ಇದ್ದೂ ಇಲ್ಲದಂತೆ. ಒಟ್ಟು ಆಮ್ಲ ನೋಡಲು 10 ಮಿಲಿ ರಸಕ್ಕೆ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತ ಪಿಎಚ್ 8.2 ಆದಾಗ ನಿಲ್ಲಿಸಿ. ಖರ್ಚಾದ ಮಿಲಿಯನ್ನು 0.75ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಎಂದು ತಿಳಿಯುತ್ತದೆ. 8 ಮಿಲಿ ಖರ್ಚಾದರೆ 6 ಗ್ರಾಂ, ಇಷ್ಟಿದ್ದರೆ ನೆಮ್ಮದಿ.

ಅಂಕಿ ಸರಿಯಿದ್ದರೂ ಬೀಜ ಕಡಿದು ನೋಡಿ. ಕಂದಾಗಿ, ಕಡಿದಾಗ ಗರಗರ ಎನ್ನಬೇಕು. ಬೀಜ ಹಸಿರಿದ್ದು ಪಿಎಚ್ ಮಾತ್ರ ಏರುತ್ತಿದ್ದರೆ? ಪಿಎಚ್ ಮಾತನ್ನೇ ಕೇಳಿ, ಕೊಯ್ದುಬಿಡಿ. ಸಿಪ್ಪೆಯ ಜೊತೆ ಇಡುವ ದಿನಗಳನ್ನು ಕಡಿಮೆ ಮಾಡಿದರೆ ಹಸಿ ಒಗರು ವೈನಿಗೆ ಸೇರದಂತೆ ನೋಡಿಕೊಳ್ಳಬಹುದು, ಕಳೆದುಹೋದ ಹುಳಿಯನ್ನು ಮರಳಿ ತರಲಾಗದು.

ಹೆಪ್ಪು ಕಟ್ಟುವುದು

500 ಕೆಜಿಯನ್ನು ಹಿಸುಕಿಟ್ಟು ಕಾಡು ಯೀಸ್ಟಿಗಾಗಿ ಮೂರು ದಿನ ಕಾಯುವುದು ಜೂಜು. ಆ ಮೂರು ದಿನಗಳಲ್ಲಿ ವಿನೆಗರ್ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಅವಕಾಶವಿರುತ್ತದೆ. ಮೊಸರಿಗೆ ಹೆಪ್ಪು ಹಾಕುವಂತೆ, ನಿಮ್ಮದೇ ಹಣ್ಣಿನಿಂದ ಮೊದಲು ಹುದುಗಿನ ಹೆಪ್ಪು ಮಾಡಿಕೊಳ್ಳಿ. ಇಡೀ ವಿಧಾನದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಭದ್ರತೆ ಕೊಡುವ ಹಂತ ಬೇರೊಂದಿಲ್ಲ.

1. ಮುಖ್ಯ ಕೊಯ್ಲಿಗೆ ಐದು ದಿನ ಮೊದಲು, ಒಂದೂ ಒಡೆದ ಹಣ್ಣಿಲ್ಲದ 24 ಕೆಜಿ ಗೊಂಚಲು ಕೊಯ್ಯಿರಿ. ಹಣ್ಣನ್ನು ತೊಳೆಯಬಾರದು.
2. ತೊಟ್ಟು ಬಿಡಿಸಿ ಹಿಸುಕಿ, 8 ಕೆಜಿಯಂತೆ ಮೂರು ಬೇರೆ ಬೇರೆ ಬಕೆಟ್ಟುಗಳಿಗೆ ಹಾಕಿ. ಒಂದು ಕೆಟ್ಟರೂ ಎರಡು ಉಳಿಯಲಿ ಎಂದು ಮೂರು.
3. ದಟ್ಟ ನೇಯ್ಗೆಯ ಬಟ್ಟೆ ಕಟ್ಟಿ, 22ರಿಂದ 25 ಡಿಗ್ರಿಯ ಕೋಣೆಯಲ್ಲಿಟ್ಟು ದಿನಕ್ಕೆ ಮೂರು–ನಾಲ್ಕು ಸಲ ಕಲಕಿ. ಮೊದಲ ಹಂತದಲ್ಲಿ ಯೀಸ್ಟ್ ಬೆಳೆಯಲು ಗಾಳಿ ಬೇಕು.
4. ಎರಡನೇ ಅಥವಾ ಮೂರನೇ ದಿನ ನೊರೆ ಏಳುತ್ತದೆ. ಹೈಡ್ರೋಮೀಟರಿನಲ್ಲಿ ಸಾಂದ್ರತೆ 1.090ರಿಂದ 1.035ರ ಹತ್ತಿರಕ್ಕೆ ಇಳಿದಾಗ ಹೆಪ್ಪು ಸಿದ್ಧ. ಆಗ ಆಲ್ಕೋಹಾಲು ಶೇ 7ರಷ್ಟಾಗಿ, ಅದನ್ನು ತಾಳದ ಕಾಡು ಯೀಸ್ಟುಗಳು ಹಿಂದೆ ಸರಿದು ವೈನ್ ಹುದುಗಿಸುವ ಮುಖ್ಯ ಯೀಸ್ಟಾದ ಸ್ಯಾಕರೊಮೈಸಿಸ್ ಮೇಲುಗೈ ಪಡೆದಿರುತ್ತದೆ.
5. ಮೂರನ್ನೂ ಮೂಸಿ ನೋಡಿ. ಹಣ್ಣಿನ, ಹಿಟ್ಟು ಹುದುಗಿದ ವಾಸನೆ ಇರುವುದನ್ನು ಇಟ್ಟುಕೊಳ್ಳಿ. ಉಗುರುಬಣ್ಣದ ಅಥವಾ ವಿನೆಗರಿನ ವಾಸನೆಯದನ್ನು ಪಡದಾಚೆ ಚೆಲ್ಲಿ, ಕರುಣೆ ಬೇಡ.

ಎರಡು ಬಕೆಟ್ಟಿನ 16 ಕೆಜಿ ಎಂದರೆ ನಮ್ಮ ಹಣ್ಣಿನ ಶೇ 3ರಷ್ಟು, ಅಷ್ಟು ಸಾಕು. ಕೊಯ್ಲು ಒಂದೆರಡು ದಿನ ಮುಂದೆ ಹೋದರೆ ಹೊಸದಾಗಿ ಹಿಸುಕಿದ ರಸವನ್ನು ಅರ್ಧದಷ್ಟು ಸೇರಿಸಿ ಹೆಪ್ಪನ್ನು ಜೀವಂತವಾಗಿಡಿ. ಹುದುಗು ಶುರುವಾದ ಮೇಲೆ ರಿಫ್ರಾಕ್ಟೋಮೀಟರನ್ನು ನೇರವಾಗಿ ನಂಬಬೇಡಿ, ಆಲ್ಕೋಹಾಲು ಸೇರಿದ ಕೂಡಲೇ ಅದು ತಪ್ಪು ತೋರಿಸುತ್ತದೆ. ಮುಂದೆಲ್ಲ ಹೈಡ್ರೋಮೀಟರೇ.

ಪಾತ್ರೆ, ತೊಳೆಯುವುದು

ಹಿಸುಕಿದ 500 ಕೆಜಿಗೆ 200 ಲೀಟರಿನ, ಬಾಯಗಲದ, ಆಹಾರ ದರ್ಜೆಯ ಹೊಸ ಪ್ಲಾಸ್ಟಿಕ್ ಡ್ರಮ್ ನಾಲ್ಕು ಬೇಕು. ಒಂದೊಂದರಲ್ಲಿ 120 ಲೀಟರ್ ಬರುತ್ತದೆ, ಸಿಪ್ಪೆ ಉಬ್ಬಲು ಮೇಲೆ ಜಾಗ ಉಳಿಯುತ್ತದೆ. ಒಂದೇ ದೊಡ್ಡ ತೊಟ್ಟಿಗಿಂತ ಇದು ವಾಸಿ: ಸಣ್ಣ ಪಾತ್ರೆ ಬೇಗ ಶಾಖ ಬಿಡುತ್ತದೆ. ಔಷಧಿ, ಎಣ್ಣೆ ಬಂದ ಹಳೆಯ ಡ್ರಮ್ ಎಷ್ಟು ತೊಳೆದರೂ ಬೇಡ. ಕುಂಬಾರರ ಮಡಕೆಯೂ ಬೇಡ. ಜಾರ್ಜಿಯಾದ ಕ್ವೆವ್ರಿ ಎಂಬ ಮಣ್ಣಿನ ಹಂಡೆಗೆ ಒಳಗೆ ಜೇನುಮೇಣ ಬಳಿದು ಮಣ್ಣಲ್ಲಿ ಹೂಳುತ್ತಾರೆ. ನಮ್ಮ ತೆಳು ಮಡಕೆಯಲ್ಲಿ ವೈನ್ ಜಿನುಗುತ್ತದೆ, ಗಾಳಿ ಒಳನುಗ್ಗುತ್ತದೆ, ಹೊಳಪು ಬಳಿದದ್ದಾದರೆ ಸೀಸ ಇಳಿಯುವ ಭಯವಿದೆ.

ಹಿಂಡಿದ ನಂತರ ಇಡಲು ತೇಲುವ ಮುಚ್ಚಳದ 300 ಲೀಟರ್ ಸ್ಟೀಲ್ ಟ್ಯಾಂಕ್ ಒಂದು, ಜೊತೆಗೆ 20 ಲೀಟರಿನ ಮೂರು, 5 ಲೀಟರಿನ ಎರಡು ಗಾಜಿನ ಜಾಡಿ, ಅನಿಲ ಹೊರಬಿಟ್ಟು ಗಾಳಿ ಒಳಬಿಡದ ನೀರಿನ ಏರ್‌ಲಾಕ್‌ಗಳು. ಸಣ್ಣ ಜಾಡಿ ಯಾಕೆಂದರೆ ಯಾವ ಪಾತ್ರೆಯೂ ಅರ್ಧ ತುಂಬಿ ಉಳಿಯಬಾರದು.

ತೊಳೆಯಲು ಬಿಸಿನೀರು ಮತ್ತು ವಾಷಿಂಗ್ ಸೋಡಾ, ಆಮೇಲೆ ಲೀಟರಿಗೆ 10 ಗ್ರಾಂ ಸಿಟ್ರಿಕ್ ಆಮ್ಲದ ನೀರು, ಕೊನೆಗೆ ಶುದ್ಧ ನೀರು. ಬ್ಲೀಚಿಂಗ್ ಪೌಡರ್ ವೈನ್ ಕೋಣೆಯೊಳಗೆ ಬರಲೇಬಾರದು. ಕ್ಲೋರಿನ್ ಮರ, ಕಾರ್ಕು, ಬೂಷ್ಟಿನ ಜೊತೆ ಸೇರಿದರೆ ಒದ್ದೆ ರಟ್ಟಿನಂಥ ವಾಸನೆ ಹುಟ್ಟುತ್ತದೆ, ಅದಕ್ಕೆ ಔಷಧವಿಲ್ಲ.

ಕೊಯ್ಲಿನ ದಿನ

ನಸುಕಿನ ನಾಲ್ಕಕ್ಕೆ ತಲೆಗೆ ಲೈಟು ಕಟ್ಟಿಕೊಂಡು ಶುರುಮಾಡಿ, ಎಂಟರೊಳಗೆ ಮುಗಿಸಿ. ಆ ಹೊತ್ತಿನಲ್ಲಿ ಹಣ್ಣು 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹತ್ತು ಗಂಟೆಗೆ ಕೊಯ್ದ ಹಣ್ಣು ಬಿಸಿಯಾಗಿಯೇ ಡ್ರಮ್ಮಿಗೆ ಬೀಳುತ್ತದೆ, ಆ ಶಾಖವನ್ನು ಇಳಿಸಲು ಇಡೀ ರಾತ್ರಿ ಬೇಕು. ಕ್ರೇಟಿಗೆ 15 ಕೆಜಿ ಮೀರದಿರಲಿ, ಅಡಿಯ ಹಣ್ಣು ಒಡೆಯುತ್ತದೆ.

ಹಣ್ಣನ್ನು ಮೇಜಿನ ಮೇಲೆ ಹರವಿ ಕೊಳೆತದ್ದು, ಒಣಗಿದ್ದು, ನೊಣ ಕುಟುಕಿದ್ದನ್ನೆಲ್ಲ ತೆಗೆಯಿರಿ. 500 ಕೆಜಿಯಲ್ಲಿ 20 ಕೆಜಿ ಹೋದರೂ ಹೋಗಲಿ. ಹುಳಿತ ಒಂದು ಗೊಂಚಲು ತನ್ನೊಂದಿಗೆ ವಿನೆಗರ್ ಬ್ಯಾಕ್ಟೀರಿಯಾವನ್ನೂ ಕರೆತರುತ್ತದೆ.

ಹಿಂದೆ ಬಿದ್ದ ಗೊಂಚಲು ಎಂದೆವಲ್ಲ, ಅವುಗಳ ಸರದಿ ಈಗ. ಬಣ್ಣ ಪೂರ್ತಿ ತಿರುಗಿದ್ದರೂ 18–19 ಬ್ರಿಕ್ಸಿನಲ್ಲೇ ಇರುವ ನೆರಳಿನ ಗೊಂಚಲುಗಳನ್ನು ಒಟ್ಟಿನಲ್ಲಿ ಶೇ 10–15ರಷ್ಟು ಸೇರಿಸಿದರೆ ಪಿಎಚ್ ಇಳಿಯುತ್ತದೆ, ಟಾರ್ಟಾರಿಕ್ ಆಮ್ಲದ ಪುಡಿ ಹಾಕುವ ಪ್ರಮೇಯ ಬರುವುದಿಲ್ಲ. ಹಸಿರು ಕಾಯಿ ಮಾತ್ರ ಸೇರಬಾರದು.

ತೊಟ್ಟು ಬಿಡಿಸಲು 2 ಸೆಂ.ಮೀ. ಕಣ್ಣಿನ ಸ್ಟೀಲ್ ಜಾಲರಿಯ ಮೇಲೆ ಗೊಂಚಲನ್ನು ಉಜ್ಜಿದರೆ ಸಾಕು, ಹಣ್ಣು ಕೆಳಗೆ ಬಿದ್ದು ಕಡ್ಡಿ ಮೇಲೆ ಉಳಿಯುತ್ತದೆ. ಇಡೀ ಗೊಂಚಲನ್ನು ಕಡ್ಡಿ ಸಮೇತ ಹುದುಗಿಸುವ ರೂಢಿ ಫ್ರಾನ್ಸಿನಲ್ಲಿದೆ. ಕಡ್ಡಿಯಲ್ಲಿರುವ ಪೊಟ್ಯಾಶಿಯಂ ಪಿಎಚ್ ಏರಿಸುವುದರಿಂದ ಬಿಸಿ ಸೀಮೆಯಲ್ಲಿ ಅದನ್ನು ನಾವು ಒಪ್ಪುವುದಿಲ್ಲ. ಹಣ್ಣನ್ನು ತೊಳೆದ ಕಾಲಿನಿಂದ ತುಳಿಯಿರಿ. ಬೀಜ ಒಡೆಯದೆ ಸಿಪ್ಪೆ ಬಿರಿಯಲು ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ನಾಲ್ಕೂ ಡ್ರಮ್ಮಿಗೆ ಹೆಪ್ಪನ್ನು ಸಮನಾಗಿ ಹಂಚಿ, ಕಲಕಿ, ಬಟ್ಟೆ ಕಟ್ಟಿ.

ಹುದುಗುವ ಎಂಟು ದಿನ

ಸಕ್ಕರೆ ಆಲ್ಕೋಹಾಲಾಗುವಾಗ ಶಾಖ ಹುಟ್ಟುತ್ತದೆ. ಒಂದು ಬ್ರಿಕ್ಸ್ ಕರಗಿದರೆ, ಶಾಖ ಹೊರಹೋಗದಿದ್ದಲ್ಲಿ, ರಸ ಸುಮಾರು 1.3 ಡಿಗ್ರಿ ಏರುತ್ತದೆ. 23 ಬ್ರಿಕ್ಸಿಗೆ ಲೆಕ್ಕ ಹಾಕಿ ನೋಡಿ, 30 ಡಿಗ್ರಿ ಏರಿಕೆ! ಡ್ರಮ್ಮಿನ ಗೋಡೆಯಿಂದ ಬಹುಪಾಲು ಹೊರಹೋಗುತ್ತದೆ, ಆದರೆ ಹೊರಗೇ 34 ಇದ್ದರೆ ಹೋಗುವುದೆಲ್ಲಿಗೆ? ಕೆಂಪು ವೈನಿಗೆ 24–28 ಡಿಗ್ರಿ ಹಿತ. 32 ದಾಟಿದರೆ ಯೀಸ್ಟ್ ಬಳಲುತ್ತದೆ, 35ರ ಹತ್ತಿರ ಸಾಯತೊಡಗುತ್ತದೆ. ಸಕ್ಕರೆ ಉಳಿದು ಹುದುಗು ನಿಂತುಹೋದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆ ಸಕ್ಕರೆಗೆ ಬಾಯಿ ಹಾಕಿ ಅಸಿಟಿಕ್ ಆಮ್ಲ ಮಾಡುತ್ತದೆ. ಈ ಸೀಮೆಯ ವೈನ್ ಹುಳಿಯಾಗುವ ಮುಖ್ಯ ದಾರಿ ಇದೇ.

ತಂಪು ಮಾಡಲು 2 ಲೀಟರಿನ ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಹೊರಮೈ ತೊಳೆದು ಡ್ರಮ್ಮಿಗೆ ಇಳಿಬಿಡಿ. 120 ಲೀಟರ್ ರಸವನ್ನು 5 ಡಿಗ್ರಿ ಇಳಿಸಲು ಸುಮಾರು 5 ಕೆಜಿ ಮಂಜುಗಡ್ಡೆ ಬೇಕು, ಅಂದರೆ ಒಂದು ಡ್ರಮ್ಮಿಗೆ ಮೂರು ಬಾಟಲಿ. ನಾಲ್ಕು ಡ್ರಮ್ಮಿಗೆ ಹನ್ನೆರಡು, ಬದಲಿಗೆ ಇನ್ನೂ ಹನ್ನೆರಡು. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿ ಫ್ಯಾನ್ ಬಿಟ್ಟರೆ ಒಣಹವೆಯ ಫೆಬ್ರುವರಿಯಲ್ಲಿ ಅದೂ ಒಳ್ಳೆಯ ಕೆಲಸ ಮಾಡುತ್ತದೆ. ಥರ್ಮಾಮೀಟರನ್ನು ತೇಲುವ ಸಿಪ್ಪೆಯ ನಡುವೆಯೂ ಚುಚ್ಚಿ ನೋಡಿ. ಕೆಳಗಿನ ರಸಕ್ಕಿಂತ ಅಲ್ಲಿ ಹಲವು ಡಿಗ್ರಿ ಹೆಚ್ಚಿರುತ್ತದೆ.

ಸಿಪ್ಪೆಯ ಪದರವನ್ನು ದಿನಕ್ಕೆ ಮೂರು ಸಲ ಕೆಳಕ್ಕೆ ಒತ್ತಿ ಮುಳುಗಿಸಿ. ಇದು ಬಣ್ಣಕ್ಕಷ್ಟೇ ಅಲ್ಲ. ಒಣಗಿದ ಸಿಪ್ಪೆಯ ಮೇಲೆ ವಿನೆಗರ್ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ, ಹಣ್ಣುನೊಣ ಮೊಟ್ಟೆಯಿಡುತ್ತದೆ. ಬೆಳಿಗ್ಗೆ–ಸಂಜೆ ಸಾಂದ್ರತೆ, ಉಷ್ಣಾಂಶ, ವಾಸನೆ ಮೂರನ್ನೂ ಡ್ರಮ್ಮಿನ ಸಂಖ್ಯೆಯೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. 1.096ರಿಂದ ಶುರುವಾಗಿ ಎರಡನೇ ದಿನದಿಂದ ದಿನಕ್ಕೆ 0.015–0.020 ಇಳಿಯುವುದು ಆರೋಗ್ಯದ ಗುರುತು. 0.005ಕ್ಕಿಂತ ಕಡಿಮೆ ಇಳಿದರೆ ಶಾಖ ಮಿತಿಮೀರಿದೆಯೇ ನೋಡಿ, ಚುರುಕಾಗಿರುವ ಪಕ್ಕದ ಡ್ರಮ್ಮಿನಿಂದ 10 ಲೀಟರ್ ತಂದು ಸೇರಿಸಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟಿಗೆ ಸಾರಜನಕ ಸಾಲದು, ಇಲ್ಲವೇ ಗಂಧಕ ಉಳಿದಿದೆ. ಮೊದಲರ್ಧದಲ್ಲಾದರೆ ರಸವನ್ನು ಬಕೆಟ್ಟಿನಿಂದ ಎತ್ತಿ ಚೆನ್ನಾಗಿ ನೊರೆಯೇಳುವಂತೆ ಸುರಿಯಿರಿ, ದಿನಕ್ಕೆರಡು ಸಲ. ಹುದುಗು ಮುಗಿಯುವ ಹೊತ್ತಿಗೆ ಹೀಗೆ ಗಾಳಿ ಕೊಡಬಾರದು.

ಜೀವದ ಪ್ರಶ್ನೆ ಒಂದಿದೆ. ಹುದುಗುವ ರಸ ತನ್ನ ಗಾತ್ರದ ಹತ್ತಾರು ಪಟ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ತಗ್ಗಿನ ಕೋಣೆಯಲ್ಲಿ ಹುದುಗಿಸಬೇಡಿ. ಒಳಹೋಗುವ ಮುನ್ನ ಬಾಗಿಲು ತೆರೆದು ನೆಲಮಟ್ಟದಲ್ಲಿ ಫ್ಯಾನ್ ಹಾಕಿ ಕಾಲು ಗಂಟೆ ಬಿಡಿ. ಡ್ರಮ್ಮಿನೊಳಗೆ ತಲೆ ಬಗ್ಗಿಸಬೇಡಿ. ಮಕ್ಕಳನ್ನು ಬಿಡಬೇಡಿ, ಒಬ್ಬರೇ ಹೋಗಬೇಡಿ. ದೀಪ ಆರುತ್ತದೋ ಎಂದು ನೋಡುವ ಹಳೆಯ ಪರೀಕ್ಷೆ ಸಾಲದು. ದೀಪ ಆರುವ ಮೊದಲೇ ತಲೆ ಸುತ್ತಿ ಬೀಳಬಹುದು.

ಹಿಂಡುವುದು, ಎರಡನೇ ಹುದುಗು

ಸಾಂದ್ರತೆ 1.000 ಮುಟ್ಟಿದಾಗ, ಸಾಮಾನ್ಯವಾಗಿ ಆರರಿಂದ ಎಂಟನೇ ದಿನ, ಹಿಂಡಿ. ತಣ್ಣನೆಯ ದೇಶದವರು ಇನ್ನೂ ಎರಡು ವಾರ ಸಿಪ್ಪೆಯಲ್ಲಿ ಬಿಡುತ್ತಾರೆ. ನಮ್ಮಲ್ಲಿ ಕಾಪಾಡುವ ಅನಿಲ ನಿಂತ ಮೇಲೆ ಬಾಯ್ದೆರೆದ ಡ್ರಮ್ಮಿನಲ್ಲಿ ವೈನ್ ಒಂದು ದಿನವೂ ಇರಬಾರದು. ತಾನೇ ಇಳಿದ ರಸ ಸುಮಾರು 280 ಲೀಟರ್, ಬುಟ್ಟಿ ಪ್ರೆಸ್ಸಿನಲ್ಲಿ ಮೆಲ್ಲನೆ ಹಿಂಡಿದ್ದು 60 ಲೀಟರ್ ಬರಬಹುದು. ಎರಡನ್ನೂ ಬೇರೆಬೇರೆ ಇಡಿ, ಹಿಂಡಿದ್ದರ ಪಿಎಚ್ ಹೆಚ್ಚಿರುತ್ತದೆ. ಚರಟ ಗೊಬ್ಬರದ ಗುಂಡಿಗೆ ಹೋಗಲಿ.

ಏರ್‌ಲಾಕ್ ಹಾಕಿದ ಮೇಲೆ ಸಾಂದ್ರತೆ 0.995ರ ಸುತ್ತ ಮೂರು ದಿನ ಅಲುಗದೆ ನಿಂತರೆ ಮೊದಲ ಹುದುಗು ಮುಗಿದಂತೆ. ಆದರೂ ಉಳಿದ ಸಕ್ಕರೆಯನ್ನು ಪ್ರಯೋಗಾಲಯದಲ್ಲಿ ಒಮ್ಮೆ ನೋಡಿಸಿ, ಲೀಟರಿಗೆ 2 ಗ್ರಾಂಗಿಂತ ಕಡಿಮೆಯಿರಬೇಕು. ಎರಡು ದಿನದಲ್ಲಿ ಕೆಳಗಿಳಿದ ದಪ್ಪ ಗಸಿಯಿಂದ ತಿಳಿ ಬಸಿದುಕೊಂಡು, ನವಿರು ಗಸಿಯನ್ನು ಹಾಗೇ ಬಿಡಿ. ಅದು ಆಮ್ಲಜನಕವನ್ನು ಹೀರಿ ವೈನನ್ನು ಕಾಯುತ್ತದೆ.

ನಂತರ ಮಾಲಿಕ್ ಆಮ್ಲ ಲ್ಯಾಕ್ಟಿಕ್ ಆಗುವ ಎರಡನೇ ಹುದುಗು. 18–22 ಡಿಗ್ರಿಯಲ್ಲಿ ತಾನಾಗಿ ಶುರುವಾಗಿ ಮೂರರಿಂದ ಎಂಟು ವಾರ ಹಿಡಿಯುತ್ತದೆ. ಮುಗಿಯಿತೇ ಎಂದು ನಾಲಿಗೆಯಿಂದ ಹೇಳಲಾಗದು, ಯಾವ ಆಮ್ಲ ಉಳಿದಿದೆ ಎಂದು ಕಾಗದದ ಮೇಲೆ ತೋರಿಸುವ ಪೇಪರ್ ಕ್ರೊಮ್ಯಾಟೊಗ್ರಫಿ ಕಿಟ್ ಬೇಕು. ಮುಗಿಯದೆ ಬಾಟಲಿಗೆ ತುಂಬಿದರೆ ಒಳಗೇ ಮುಂದುವರಿದು ಗುಳ್ಳೆ, ಕೆಸರು, ಕೆಲವೊಮ್ಮೆ ಕಾರ್ಕು ಹಾರುವುದು.

ಏಪ್ರಿಲ್, ಮೇ ದಾಟಿಸುವುದು

ಹಣ ಖರ್ಚು ಮಾಡಲೇಬೇಕಾದ ಜಾಗ ಇದೊಂದು. ಉತ್ತರ ದಿಕ್ಕಿನ 10×10 ಅಡಿಯ ಕೋಣೆಗೆ ಕಿಟಕಿ ಮುಚ್ಚಿ, ಗೋಡೆ–ಛಾವಣಿಗೆ ಶಾಖನಿರೋಧಕ ಹಲಗೆ ಹೊಡೆಸಿ, ಏಸಿ ಹಾಕಿ 18 ಡಿಗ್ರಿಯಲ್ಲಿಡಿ. ಕರೆಂಟು ಹೋದಾಗ ಕೋಣೆ ಬೇಗ ಬಿಸಿಯಾಗದಿರಲು ನೀರು ತುಂಬಿದ ಡ್ರಮ್ಮುಗಳನ್ನು ಒಳಗಿಟ್ಟಿರಿ. 22–23ಕ್ಕಿಂತ ಮೇಲೆ ವಾರಗಟ್ಟಲೆ ಇದ್ದರೆ ಸಲ್ಫೈಟ್ ಇಲ್ಲದ ವೈನ್ ಉಳಿಯುವ ಭರವಸೆ ಇಲ್ಲ. ಇಂಥ ಕೋಣೆ ಮಾಡಲಾಗದಿದ್ದರೆ ಆ ವರ್ಷ ಹಣ್ಣು ಮಾರಿಬಿಡುವುದೇ ಸರಿ.

ಪಾತ್ರೆ ಸದಾ ಕುತ್ತಿಗೆಯವರೆಗೆ ತುಂಬಿರಬೇಕು. ವಾರಕ್ಕೊಮ್ಮೆ ನೋಡಿ ಸಣ್ಣ ಜಾಡಿಯ ವೈನಿನಿಂದ ಭರ್ತಿ ಮಾಡಿ. ಮೇಲೆ ಬಿಳಿ ಕೆನೆ ಕಂಡರೆ ಗಾಳಿಯಾಡಿದೆ ಎಂದರ್ಥ. ಟಿಶ್ಯೂ ಕಾಗದದಿಂದ ಎತ್ತಿ ತೆಗೆದು ಕೂಡಲೇ ಭರ್ತಿ ಮಾಡಿ.

ಕುದುರೆ ಲಾಯ ಅಥವಾ ಹಳೆ ಬ್ಯಾಂಡೇಜಿನ ವಾಸನೆ ಬ್ರೆಟನೊಮೈಸಿಸ್ ಯೀಸ್ಟಿನದು. ಶಾಖ, ಏರಿದ ಪಿಎಚ್, ಉಳಿದ ಸಕ್ಕರೆ ಮೂರೂ ಸೇರಿದಲ್ಲಿ ಅದು ಹಬ್ಬುತ್ತದೆ. ಅದಕ್ಕಿಂತ ಕಪಟಿ ಇಲಿವಾಸನೆ. ಸಲ್ಫೈಟ್ ಇಲ್ಲದ ವೈನುಗಳನ್ನು ಇದು ವಿಶೇಷವಾಗಿ ಕಾಡುತ್ತದೆ. ಮೂಸಿದರೆ ಏನೂ ತಿಳಿಯದು. ನುಂಗಿ ಅರ್ಧ ನಿಮಿಷವಾದ ಮೇಲೆ, ಜೊಲ್ಲು ವೈನಿನ ಹುಳಿಯನ್ನು ತಗ್ಗಿಸಿದಾಗ, ಗಂಟಲ ಹಿಂದೆ ಇಲಿಯ ಗೂಡಿನ ವಾಸನೆ ಏಳುತ್ತದೆ. ಕೆಲವರ ಬಾಯಿಗೆ ಅದು ತಿಳಿಯುವುದೇ ಇಲ್ಲ, ಹಾಗಾಗಿ ರುಚಿ ನೋಡುವವರು ಕನಿಷ್ಠ ಮೂವರಿರಲಿ. 30 ಮಿಲಿ ವೈನಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸಿದರೆ ಅಡಗಿದ್ದ ವಾಸನೆ ಹೊರಬರುತ್ತದೆ. ಇದಕ್ಕೆ ಕಾರಣ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅಥವಾ ಬ್ರೆಟನೊಮೈಸಿಸ್, ಜೊತೆಗೆ ಆಮ್ಲಜನಕ. ತಿಳಿ ಬಸಿಯುವಾಗ, ಬಾಟಲಿಗೆ ತುಂಬುವಾಗ ಸೇರುವ ಗಾಳಿಯೇ ಕಿಡಿ ಹಚ್ಚುತ್ತದೆ. ಖಚಿತ ಪರಿಹಾರ ಇಲ್ಲ. ಗಸಿಯ ಮೇಲೆ ಅಲುಗಿಸದೆ ಹಲವು ತಿಂಗಳು ಬಿಟ್ಟರೆ ಕೆಲವೊಮ್ಮೆ ತಗ್ಗುತ್ತದೆ. ಅದಕ್ಕೇ ನಾವು ಹೇಳುವುದು: ತಿಳಿ ಬಸಿಯುವುದು ಒಟ್ಟು ಎರಡೇ ಸಲ, ಅದೂ ಪೈಪಿನ ತುದಿ ತಳ ಮುಟ್ಟಿರುವಂತೆ, ಸದ್ದಿಲ್ಲದೆ.

ಬಾಟಲಿಗೆ

ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನೊಳಗೆ ತುಂಬಿ. ಅಕ್ಟೋಬರ್ ಚಾಟ್ನಿ ಬಂದರೆ ಮನೆಯ ಯಾರಿಗೂ ಪುರುಸೊತ್ತಿರದು. ಅದಕ್ಕೆ ಎರಡು ವಾರ ಮೊದಲು ಎರಡು ಪರೀಕ್ಷೆ ಮಾಡಿ. ಒಂದು ಬಾಟಲಿ ಪೂರ್ತಿ ತುಂಬಿ ಮುಚ್ಚಿ 30 ಡಿಗ್ರಿಯಲ್ಲಿ ಹತ್ತು ದಿನ ಇಡಿ: ಮಬ್ಬಾದರೆ, ಗುಳ್ಳೆ ಬಂದರೆ ತುಂಬಬೇಡಿ. ಇನ್ನೊಂದನ್ನು ಅರ್ಧ ತುಂಬಿ ತೆರೆದು ಎರಡು ದಿನ ಬಿಡಿ: ಕಂದುಗಟ್ಟಿದರೆ, ಇಲಿವಾಸನೆ ಎದ್ದರೆ ಗಾಳಿ ತಾಳುವ ಶಕ್ತಿಯಿಲ್ಲ. ಅಸಿಟಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ನೋಡಿಸಿ. ಲೀಟರಿಗೆ 0.8 ಗ್ರಾಂ ಸುತ್ತ ಮೂಗಿಗೆ ತಿಳಿಯತೊಡಗುತ್ತದೆ, 1.2 ಗ್ರಾಂ ಐರೋಪ್ಯ ಒಕ್ಕೂಟದಲ್ಲಿ ಕೆಂಪು ವೈನಿನ ಕಾನೂನು ಮಿತಿ.

ಎರಡನೇ ಪರೀಕ್ಷೆಯಲ್ಲಿ ಸೋತರೆ ಲೀಟರಿಗೆ 20 ಮಿಲಿಗ್ರಾಂ ಸಲ್ಫೈಟ್ ಹಾಕುವುದನ್ನು ಅವಮಾನವೆಂದು ಎಣಿಸಬೇಡಿ. 300 ಲೀಟರಿಗೆ ಬೇಕಾದದ್ದು 6 ಗ್ರಾಂ ಸಲ್ಫರ್ ಡೈಆಕ್ಸೈಡ್. ಪೊಟ್ಯಾಶಿಯಂ ಮೆಟಾಬೈಸಲ್ಫೈಟಿನಲ್ಲಿ ಅದು ಶೇ 57ರಷ್ಟಿರುವುದರಿಂದ 10.5 ಗ್ರಾಂ ತೂಗಿ, ಸ್ವಲ್ಪ ವೈನಿನಲ್ಲಿ ಕರಗಿಸಿ ಬೆರೆಸಿ. ಪುಡಿಯ ಘಾಟು ಉಸಿರಿಗೆ ಹೋಗಬಾರದು, ಅಸ್ತಮಾ ಇರುವವರು ದೂರವಿರಲಿ. ಹಾಕಿದ್ದನ್ನು ಲೇಬಲಿನಲ್ಲಿ ಮುಚ್ಚಿಡದೆ ಬರೆಯಿರಿ.

ಬಾಟಲಿಯ ತಳದಿಂದ ತುಂಬಿಕೊಂಡು ಬಂದು, ಕಾರ್ಕಿನ ಕೆಳಗೆ ಒಂದೂವರೆ ಸೆಂ.ಮೀ. ಮಾತ್ರ ಖಾಲಿ ಬಿಡಿ. ಸೋಸಬೇಡಿ, ತಳದಲ್ಲಿ ಒಂದಿಷ್ಟು ಗಸಿ ಕೂರುವುದು ಸಹಜ, ಕುಡಿಯುವವರಿಗೆ ಮೊದಲೇ ಹೇಳಿ. ಎರಡು ತಿಂಗಳು 15–18 ಡಿಗ್ರಿಯಲ್ಲಿ ಮಲಗಿಸಿಟ್ಟು, ಆಮೇಲೆ ತಿಂಗಳಿಗೊಂದರಂತೆ ತೆರೆದು ರುಚಿ ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಂಗಳೂರಿಗೋ ಪುಣೆಗೋ ಕಳಿಸುವುದಿದ್ದರೆ ನವೆಂಬರ್–ಜನವರಿಯಲ್ಲೇ ಕಳಿಸಿಬಿಡಿ. ಮೇ ತಿಂಗಳಲ್ಲಿ ತಗಡಿನ ಲಾರಿಯೊಳಗೆ ಒಂದು ಹಗಲು ಕಳೆದ ಬಾಟಲಿಯ ವೈನ್ ಕಾರ್ಕನ್ನು ಹೊರಕ್ಕೆ ತಳ್ಳಿಬಿಡುತ್ತದೆ.